ಮೂರನೇ ವಿಲ್ಲೋವರೆಗೆ ನೀರು

ಏಪ್ರಿಲ್ ತಿಂಗಳ ಕೊನೆಯ ಸೋಮವಾರ ಅಲ್ದೋನಾ ಬಾವಿಗೆ ಬಕೆಟ್ ಇಳಿಸಿದಳು. ಹಗ್ಗ ಇನ್ನೂ ಅರ್ಧ ರಾಟೆಯಲ್ಲೇ ಸುತ್ತಿಕೊಂಡಿತ್ತು, ಅಷ್ಟರಲ್ಲಿ ಕೆಳಗೆ ಬುಳಕ್ ಎಂದಿತು. ಬಕೆಟ್ ಎಲ್ಲೋ ಕಲ್ಲಿಗೆ ಸಿಕ್ಕಿರಬೇಕೆಂದು ಬಗ್ಗಿ ನೋಡಿದಳು. ಕಲ್ಲಲ್ಲ, ನೀರು. ಒಂದು ಚಿಕ್ಕ ಬೆಣಚುಕಲ್ಲು ಹಾಕಿ ಇನ್ನೊಮ್ಮೆ ಪರೀಕ್ಷೆ ಮಾಡಿದಳು. ನೀರೇ.

ನಾಲ್ಕು ವರ್ಷದಿಂದ ಆ ಬಾವಿ ಜೂನ್ ಬರುವುದರೊಳಗೆ ಬತ್ತುತ್ತಿತ್ತು. ಮಗಳು ವಿಲ್ಮಾ ಪೇಟೆಯ ಶಾಲೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಬೇಸಿಗೆಯಿಡೀ ಅವಳು ಅಲ್ಲಿಂದ ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿಸಿಕೊಂಡು ಕಾರಿನಲ್ಲಿ ತರಬೇಕಿತ್ತು. ಮನೆಯಲ್ಲಿ ಪಾತ್ರೆ ತೊಳೆದ ನೀರು ಸೌತೆಗಿಡಕ್ಕೆ, ಮುಖ ತೊಳೆದ ನೀರು ಬಾತುಕೋಳಿಗೆ. ಅಂಥ ಬಾವಿಯಲ್ಲಿ ಈಗ ನೀರು ಏರಿತ್ತು.

ಅಲ್ದೋನಾ ಖುಷಿಯಲ್ಲಿ ಎರಡು ಬಕೆಟ್ ಹೆಚ್ಚಿಗೆ ಸೇದಿ ಅಡುಗೆಮನೆ ನೆಲ ತೊಳೆದಳು. ತೊಳೆದ ನೆಲದ ಮೇಲೆ ಅಳಿಯ ರೋಮಾಸ್ ಕೆಸರು ಬೂಟುಗಳ ಸಮೇತ ಬಂದು ನಿಂತ.

"ಕೆಳಗಿನ ಹುಲ್ಲುಗಾವಲು ಹೋಯ್ತು ಅತ್ತೆ. ಪಾದ ಮುಳುಗೋಷ್ಟು ನೀರು ನಿಂತಿದೆ."

"ಬೂಟು ಬಿಚ್ಚು ಮೊದಲು."

"ನಾನು ಹುಲ್ಲಿನ ಮಾತಾಡ್ತಿದ್ದೀನಿ, ನೀವು ಬೂಟು ಅಂತೀರಿ!"

"ಹುಲ್ಲು ಹೊರಗಿದೆ, ಬೂಟು ಒಳಗಿದೆ. ಬಿಚ್ಚು."

ಕಾರಣ ಗೊತ್ತಾಗಲು ಸಂಜೆಯಾಯಿತು. ಹುಲ್ಲುಗಾವಲಿನ ನಡುವೆ ಹಾಯುವ ಬಸಿಗಾಲುವೆಗೆ ಬೀವರ್ ಎಂಬ ನೀರುಪ್ರಾಣಿಗಳು ಅಡ್ಡಲಾಗಿ ಒಡ್ಡು ಕಟ್ಟಿದ್ದವು. ಆಲ್ಡರ್ ಮರಗಳನ್ನು ಬುಡದಲ್ಲಿ ಹಲ್ಲಿನಿಂದ ಪೆನ್ಸಿಲ್‌ನಂತೆ ಕೊರೆದು ಉರುಳಿಸಿ, ಕೊಂಬೆ ಹೆಣೆದು, ಸಂದಿಗೆ ಕೆಸರು ಮೆತ್ತಿದ್ದವು. ಲಿಥುವೇನಿಯದ ನಮ್ಮ ಈ ಭಾಗದಲ್ಲಿ ಇದೇನು ಹೊಸದಲ್ಲ. ಪ್ರತಿ ಹಳ್ಳಿಯಲ್ಲೂ ಒಬ್ಬಿಬ್ಬರು ಬೀವರ್‌ಗೆ ಶಾಪ ಹಾಕುತ್ತಿರುತ್ತಾರೆ. ಈ ಸಲ ಸರದಿ ಇವರ ಮನೆಯದಾಗಿತ್ತು.

ರಾತ್ರಿಯ ಊಟಕ್ಕೆ ಆಲೂಗಡ್ಡೆ ದೋಸೆ, ಹುಳಿ ಕೆನೆ. ಅಲ್ದೋನಾಳ ಗಂಡ ಜಿಗ್ಮಾಸ್ ತಟ್ಟೆಗೆ ಕೈ ಹಾಕುವ ಮೊದಲೇ ಶುರು ಮಾಡಿದ.

"ಆ ಕಾಲುವೆ ತೋಡಿದ್ದು ನಾನು. ಎಪ್ಪತ್ನಾಲ್ಕರಲ್ಲಿ. ಐವತ್ತು ವರ್ಷ ಒಂದು ಹುಲ್ಲುಕಡ್ಡಿ ಅಡ್ಡ ಬರೋಕೆ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಒಡೀತೀನಿ."

ಅವನಿಗೆ ಎಪ್ಪತ್ತೈದು. ಸಾಮೂಹಿಕ ಬೇಸಾಯದ ಕಾಲದಲ್ಲಿ ಜೌಗು ಬಸಿದು ನೆಲ ಒಣಗಿಸುವ ಇಲಾಖೆಯಲ್ಲಿ ಅಗೆಯುವ ಯಂತ್ರ ಓಡಿಸುತ್ತಿದ್ದವನು. ಅವನ ಪ್ರಶಸ್ತಿಪತ್ರ ಇನ್ನೂ ಬೀರುವಿನ ಒಳಬಾಗಿಲಿಗೆ ಅಂಟಿಕೊಂಡಿತ್ತು.

"ನಾನೂ ಬರ್ತೀನಿ ಮಾವ," ಎಂದ ರೋಮಾಸ್.

ವಿಲ್ಮಾ ದೋಸೆ ಮಗುಚುತ್ತಿದ್ದವಳು ತಿರುಗಿ ನೋಡಿದಳು. ತನ್ನ ಅಪ್ಪನೂ ಗಂಡನೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ಅವಳು ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ನೋಡಿರಲಿಲ್ಲ.

"ಒಡೆದ್ರೆ ಬಾವಿ?" ಎಂದಳು ಅಲ್ದೋನಾ.

"ಬಾವಿಗೂ ಬೀವರಿಗೂ ಏನು ಸಂಬಂಧ?" ಎಂದ ಜಿಗ್ಮಾಸ್.

"ನೀರಿಗೂ ನೀರಿಗೂ ಸಂಬಂಧ ಇರಲ್ವಾ ಅಜ್ಜ?" ಎಂದಳು ಮೊಮ್ಮಗಳು ಮಿಗ್ಲೆ. ಹದಿನೇಳರ ಹುಡುಗಿ, ದೋಸೆಯ ಅಂಚು ಮಾತ್ರ ಕಿತ್ತು ತಿನ್ನುವವಳು. "ಕೆಳಗೆ ಒಡ್ಡು ಕಟ್ಟಿದ್ರೆ ಮೇಲೆ ನೆಲದೊಳಗೂ ನೀರು ಏರುತ್ತೆ. ಭೂಗೋಳದ ಟೀಚರ್ ಹೇಳಿದ್ರು."

"ನಿಮ್ಮ ಟೀಚರ್ ಎಷ್ಟು ಕಾಲುವೆ ತೋಡಿದ್ದಾರೆ?"

ಮಿಗ್ಲೆ ಇನ್ನೊಂದು ದೋಸೆಯ ಅಂಚು ಕಿತ್ತಳು. ಆದರೆ ಆ ರಾತ್ರಿ ಜಿಗ್ಮಾಸ್ ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತ, "ಹುಡುಗಿ ಹೇಳಿದ್ದು ಸರಿನೇ" ಎಂದು ಒಪ್ಪಿಕೊಂಡನೆಂದು ಅಲ್ದೋನಾ ಆಮೇಲೆ ಮಗಳಿಗೆ ಹೇಳಿದಳು. ಒಪ್ಪಿಕೊಂಡವನು ಬೆಳಿಗ್ಗೆ ಎದ್ದು ಗುದ್ದಲಿ ತೆಗೆದುಕೊಂಡು ಹೋಗಿ ಒಡ್ಡನ್ನು ಒಡೆದೂ ಬಂದ.

ಮಾರನೆ ದಿನ ಒಡ್ಡು ಮತ್ತೆ ಎದ್ದು ನಿಂತಿತ್ತು. ಜಿಗ್ಮಾಸ್ ಮತ್ತೆ ಒಡೆದ. ಬೀವರ್ ಮತ್ತೆ ಕಟ್ಟಿತು. ಹತ್ತು ದಿನ ಹೀಗೇ ನಡೆಯಿತು. ಏಳನೆಯ ದಿನದ ಹೊತ್ತಿಗೆ ಅವನು ಊಟದ ಮೇಜಿನಲ್ಲಿ ಬೈಯುವುದನ್ನು ಬಿಟ್ಟು ವರದಿ ಒಪ್ಪಿಸತೊಡಗಿದ್ದ.

"ಇವತ್ತು ಎಡಗಡೆಗೆ ಒಂದು ಮರದ ಬುಡವನ್ನೇ ಕೊಟ್ಟಿದ್ದಾನೆ. ನಾನಾದ್ರೂ ಅಲ್ಲೇ ಕೊಡ್ತಿದ್ದೆ. ಎಡಗಡೆ ದಡ ಮೆತ್ತಗೆ."

"ಹೊಗಳ್ತಿದ್ದೀಯೋ ಬೈತಿದ್ದೀಯೋ?" ಎಂದಳು ಅಲ್ದೋನಾ.

"ಹೊಗಳೋದೇನು ಬಂತು, ಕಳ್ಳ ಸೂಳೆಮಗ."

"ಅಪ್ಪ! ಮಗು ಇದೆ," ಎಂದಳು ವಿಲ್ಮಾ.

"ಮಗು ಅಲ್ಲಮ್ಮ, ಇವಳು ಭೂಗೋಳ ಶಾಸ್ತ್ರಜ್ಞೆ."

ಈ ನಡುವೆ ಕಾಗದಗಳು ಬಂದವು. ಊರಲ್ಲಿ ಯಾರೋ ಯಾರಿಗೋ ಹೇಳಿ, ಅವರು ಇನ್ಯಾವುದೋ ಕಚೇರಿಗೆ ಫೋನ್ ಮಾಡಿರಬೇಕು. ನೀರಾವರಿಯವರು ಬರೆದಿದ್ದರು: ನಿಮ್ಮ ಜಮೀನಿನಲ್ಲಿ ಹಾಯುವ ಬಸಿಗಾಲುವೆಯನ್ನು ತೆರವಾಗಿ ಇಟ್ಟುಕೊಳ್ಳುವುದು ನಿಮ್ಮ ಹೊಣೆ. ಬೇಸಾಯದ ನೆರವು ಕೊಡುವ ಕಚೇರಿಯವರು ಬರೆದಿದ್ದರು: ಹುಲ್ಲುಗಾವಲನ್ನು ಗೊತ್ತಾದ ದಿನದೊಳಗೆ ಕೊಯ್ಯದಿದ್ದರೆ ನೆರವು ನಿಲ್ಲುತ್ತದೆ. ಮೂರನೆಯದು ನಮ್ಮ ಭಾಗದ ರಕ್ಷಿತ ಉದ್ಯಾನದ ಕಚೇರಿಯಿಂದ: ಮರಿ ಹಾಕುವ ಕಾಲವಾದ್ದರಿಂದ ದಯವಿಟ್ಟು ಒಡ್ಡನ್ನು ಮುಟ್ಟಬೇಡಿ, ನಮಗೆ ಫೋನ್ ಮಾಡಿ, ಸಲಹೆಯೂ ಸಾಮಗ್ರಿಯೂ ಉಚಿತ.

ವಿಲ್ಮಾ ಮೂರನ್ನೂ ಫ್ರಿಜ್ಜಿನ ಬಾಗಿಲಿಗೆ ಸಾಲಾಗಿ ಅಂಟಿಸಿದಳು. ಮಿಗ್ಲೆ ಅವುಗಳ ಮುಂದೆ ನಿಂತು ಮೂರನ್ನೂ ಗಟ್ಟಿಯಾಗಿ ಓದಿ ಮುಗಿಸಿದಳು.

"ಅಂದ್ರೆ ನಾವು ನೀರಲ್ಲಿ ನಿಂತ್ಕೊಂಡು ಹುಲ್ಲು ಕೊಯ್ಯಬೇಕು, ಕಾಲುವೆ ತೆಗೀಬೇಕು, ಆದರೆ ಏನನ್ನೂ ಮುಟ್ಟಬಾರದು."

"ನಂಗೆ ತಲೆ ಕೆಟ್ಟುಹೋಗಿದೆ," ಎಂದ ರೋಮಾಸ್. "ಒಂಬತ್ತು ಹಸುಗಳಿವೆ. ಚಳಿಗಾಲಕ್ಕೆ ಅವಕ್ಕೆ ಈ ಕಾಗದ ಹಾಕಲಾ?"

ಫೋನ್ ಮಾಡಿದವಳು ವಿಲ್ಮಾ. ಮನೆಯವರನ್ನು ಕೇಳಿದ್ದರೆ ಇಬ್ಬರು ಬೇಡವೆನ್ನುತ್ತಿದ್ದರು, ಇಬ್ಬರು ಬೇಕೆನ್ನುತ್ತಿದ್ದರು, ಅದು ಯಾರು ಯಾರೆಂಬುದು ದಿನಕ್ಕೊಂದು ಥರ ಆಗುತ್ತಿತ್ತು. ಹಾಗಾಗಿ ಅವಳು ಯಾರನ್ನೂ ಕೇಳದೆ ಶಾಲೆಯ ಅಡುಗೆಮನೆಯಿಂದಲೇ ಫೋನ್ ಮಾಡಿದಳು.

ಉದ್ಯಾನದ ಕಚೇರಿಯಿಂದ ಯುರ್ಗಿತಾ ಎನ್ನುವ ಹೆಂಗಸು ಬಂದಳು. ಮೂವತ್ತೈದರ ಸುಮಾರು, ಮೊಣಕಾಲವರೆಗೆ ರಬ್ಬರ್ ಬೂಟು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟಳು, ಅಲ್ದೋನಾಳಿಗೆ ಅಷ್ಟಕ್ಕೇ ಹಿಡಿಸಿದಳು. ಮೇಜಿನ ಮೇಲೆ ಚೀಸ್, ಜೇನು, ಕಪ್ಪು ರೊಟ್ಟಿ ಬಂದವು. ಯುರ್ಗಿತಾ ಒಂದು ಕೈಪಿಡಿ ಬಿಡಿಸಿದಳು. ಹಣ್ಣಿನ ಮರಗಳ ಬುಡಕ್ಕೆ ಸುತ್ತಲು ತಂತಿಬಲೆ ಕೊಡುತ್ತಾರೆ. ಒಡ್ಡಿನೊಳಗೆ ಒಂದು ಉದ್ದನೆಯ ಪೈಪು ತೂರಿಸುತ್ತಾರೆ. ಪೈಪಿನ ಬಾಯಿ ಎಷ್ಟು ಎತ್ತರದಲ್ಲಿದೆಯೋ ನೀರು ಅಷ್ಟಕ್ಕೇ ನಿಲ್ಲುತ್ತದೆ, ಹೆಚ್ಚಿನದು ಹರಿದುಹೋಗುತ್ತದೆ. ಬೀವರ್ ತನ್ನ ಪಾಡಿಗೆ ಇರುತ್ತದೆ. ನೀರು ನಿಂತ ನೆಲಕ್ಕೆ ಸ್ವಲ್ಪ ಪರಿಹಾರವೂ ಉಂಟು. ಉಳಿದೆರಡು ಕಚೇರಿಗಳಿಗೆ ಕಾಗದ ಬರೆಯುವ ತಲೆನೋವೂ ಅವಳದೇ.

"ಎಷ್ಟು ಎತ್ತರಕ್ಕೆ ಇಡ್ತೀರಿ ಪೈಪು?" ಎಂದು ರೋಮಾಸ್ ಕೇಳಿದ.

"ಅದನ್ನ ನೀವು ಹೇಳಬೇಕು. ಜಮೀನಿನ ಯಜಮಾನರು."

ರೋಮಾಸ್ ಮಾವನ ಕಡೆ ನೋಡಿದ. ಜಿಗ್ಮಾಸ್ ಗಂಟಲು ಸರಿಮಾಡಿಕೊಂಡ. ಯುರ್ಗಿತಾ ಕಡತದಲ್ಲಿ ಬೆರಳಿಟ್ಟು ಹೆಸರು ಹುಡುಕಿದಳು.

"ಇಲ್ಲಿ ಅಲ್ದೋನಾ ಅಂತ ಇದೆ. ಯಾರು?"

ಆ ನೆಲ ಅಲ್ದೋನಾಳ ತವರಿನದು. ಸಾಮೂಹಿಕ ಬೇಸಾಯ ಹೋಗಿ ದೇಶ ಬೇರೆಯಾದ ಮೇಲೆ ಜಮೀನುಗಳು ಹಳೆಯ ಮನೆತನಗಳಿಗೆ ಮರಳಿದಾಗ ಅದು ಅವಳ ಹೆಸರಿಗೆ ಬಂದಿತ್ತು. ಆ ಮೂವತ್ತು ವರ್ಷಗಳಲ್ಲಿ ಅದರ ಮೇಲೆ ಮೊದಲು ಗಂಡ ಹುಲ್ಲು ಕೊಯ್ದ, ಆಮೇಲೆ ಅಳಿಯ ಕೊಯ್ದ. ಅದು ತಮ್ಮದಲ್ಲವೆಂದು ಇಬ್ಬರಿಗೂ ನೆನಪೇ ಇರಲಿಲ್ಲ.

"ನಾನು," ಎಂದಳು ಅಲ್ದೋನಾ, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ.

"ಹಾಗಾದ್ರೆ ನೀವು ಹೇಳಿ ಅಜ್ಜಿ. ಎಲ್ಲಿವರೆಗೆ ನೀರು ಬೇಕು?"

"ನಂಗೆ ಗೊತ್ತಿಲ್ಲ," ಎಂದಳು ಅಲ್ದೋನಾ. "ಯಾರೂ ಕೇಳಿರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ."

ಮೂರು ವಾರ ಯೋಚಿಸಿದಳು. ಅಷ್ಟು ದಿನ ಏನು ಯೋಚಿಸುತ್ತಿದ್ದಳೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸೊಪ್ಪು ಬಿಡಿಸುತ್ತ ಸುಮ್ಮನೆ ಕೂತುಬಿಡುತ್ತಿದ್ದಳು. ರೊಟ್ಟಿ ಹಿಟ್ಟು ನಾದುತ್ತ ನಾದುತ್ತ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಳು. ಬಾವಿಗೆ ದಿನಾ ಒಮ್ಮೆ ಹಗ್ಗ ಬಿಟ್ಟು ಅಳೆಯುತ್ತಿದ್ದಳು. ಒಮ್ಮೆ ಸಬ್ಬಸಿಗೆ ಬದಲು ಕ್ಯಾರೆಟ್ ಎಲೆ ಕೊಚ್ಚಿ ಸೂಪಿಗೆ ಹಾಕಿದಳು, ಎಲ್ಲರೂ ಸುಮ್ಮನೆ ಉಂಡರು.

ನೀರು ಮಾತ್ರ ಯೋಚಿಸುತ್ತ ಕೂರಲಿಲ್ಲ. ಜಿಗ್ಮಾಸ್ ಗುದ್ದಲಿ ಕೆಳಗಿಟ್ಟಿದ್ದ. ಕಾಲುವೆಯಿಂದ ಮೇಲಕ್ಕೆ ಹುಲ್ಲುಗಾವಲಿನಲ್ಲಿ ಸಾಲಾಗಿ ಮೂರು ಹಳೆಯ ವಿಲ್ಲೋ ಮರಗಳಿವೆ. ಮೇ ತಿಂಗಳ ಮಧ್ಯಕ್ಕೆ ನೀರು ಮೊದಲನೆಯದನ್ನು ದಾಟಿತು, ಮೂರನೇ ವಾರಕ್ಕೆ ಎರಡನೆಯದನ್ನು ಮುಟ್ಟಿತು. ಕೊಕ್ಕರೆಗಳು ಬಂದು ಮೊಣಕಾಲುದ್ದ ನೀರಲ್ಲಿ ನಿಂತು ಕಪ್ಪೆ ಹಿಡಿಯತೊಡಗಿದವು. ರೋಮಾಸ್ ಬೇಲಿಯ ಹತ್ತಿರ ನಿಂತು ಅವನ್ನು ನೋಡುತ್ತಿದ್ದ.

"ಅತ್ತೇನ ಕೇಳೇ," ಎಂದು ಹೆಂಡತಿಗೆ ಹೇಳಿದ.

"ನೀನೇ ಕೇಳು."

"ನಾನು ಕೇಳಿದ್ರೆ, ಜಮೀನಿನ ಮೇಲೆ ಕಣ್ಣು ಅಂತಾರೆ."

"ಯಾರೂ ಹಾಗನ್ನಲ್ಲ."

"ನಿಮ್ಮಪ್ಪ ಅಂತಾರೆ."

ಪೆಂತೆಕೋಸ್ತ್ ಹಬ್ಬದ ಭಾನುವಾರ ಬಂತು. ಗೇಟಿನ ಎರಡೂ ಕಡೆ ಬರ್ಚ್ ಕೊಂಬೆ ಕಟ್ಟಿದರು, ಮಿಗ್ಲೆ ಹಸುಗಳಿಗೆ ಹೂವಿನ ಹಾರ ಹಾಕಿದಳು. ಎಲ್ಲರೂ ಚರ್ಚಿಗೆ ಹೊರಟರು. ಒಂದು ಹಸು ಈಯುವ ಹಾಗಿದೆ ಎಂದು ರೋಮಾಸ್ ಉಳಿದ. ಹಸು ಈಯಲಿಲ್ಲ. ಪೂಜೆ ಮುಗಿದು ಇವರು ಬರುವಷ್ಟರಲ್ಲಿ ಅವನು ಟ್ರಾಕ್ಟರಿಗೆ ಸರಪಳಿ ಕಟ್ಟಿ, ಒಡ್ಡಿನ ಎಡಗಡೆಯ ಮರದ ಬುಡಕ್ಕೆ ಕೊಕ್ಕೆ ಹಾಕಿ ಎಳೆದಿದ್ದ. ಒಡ್ಡು ಒಟ್ಟಿಗೇ ಕಿತ್ತುಕೊಂಡು ಬಂತು.

ಐದು ವಾರದ ನೀರು ಒಂದೇ ಗಂಟೆಯಲ್ಲಿ ಕೆಳಗಿಳಿಯಿತು. ಕೆಳಗಿನ ಮನೆ ಜೋಸೆಯದು, ಒಂಟಿ ವಿಧವೆ. ಅವಳ ನೆಲಮಾಳಿಗೆಗೆ ನೀರು ನುಗ್ಗಿ ಬಿತ್ತನೆಯಲ್ಲಿ ಉಳಿದ ಆಲೂಗಡ್ಡೆ, ಉಪ್ಪಿನ ಸೌತೆಯ ಜಾಡಿಗಳು ಎಲ್ಲ ತೇಲಿದವು. ಹಬ್ಬದ ಬಟ್ಟೆಯಲ್ಲೇ ಅವಳು ಈ ಮನೆಯ ಅಂಗಳಕ್ಕೆ ಬಂದು ನಿಂತು ಕೂಗಿದಳು.

"ಏ ಜಿಗ್ಮಾಸ್! ಅವತ್ತು ನೆಲ ಒಣಗಿಸ್ತೀನಿ ಅಂತ ನಮ್ಮ ತೋಪು ಕಡಿಸಿದೆ. ಇವತ್ತು ನೀರು ಬಿಟ್ಟು ನನ್ನ ಮನೆ ಮುಳುಗಿಸಿದೆ. ನಿಮಗೆ ಬೇಕಾಗಿರೋದು ನೀರೋ ನೆಲವೋ, ಅದನ್ನಾದ್ರೂ ತೀರ್ಮಾನ ಮಾಡಿ!"

"ನಾನಲ್ಲ ಮಾಡಿದ್ದು," ಎಂದ ಜಿಗ್ಮಾಸ್. ಆಮೇಲೆ ಅಳಿಯನ ಕಡೆ ತಿರುಗಿದ. "ಯಾರನ್ನ ಕೇಳಿ ಮಾಡಿದೆ?"

"ನೀವು ಹತ್ತು ದಿನ ಒಡೆದ್ರಲ್ಲ, ಯಾರನ್ನ ಕೇಳಿದ್ರಿ?"

"ನಾನು ಗುದ್ದಲಿಯಲ್ಲಿ ಒಂದು ಗೇಣು ಒಡೀತಿದ್ದೆ. ಬುಡಕ್ಕೇ ಕೊಕ್ಕೆ ಹಾಕು ಅಂತ ಯಾರು ಹೇಳಿದ್ರು? ಆ ನೆಲ ನಿಂದಾ? ಈ ಮನೆ ನಿಂದಾ? ಮನೆಅಳಿಯನಾಗಿ ಬಂದವನು ಮನೆಅಳಿಯನ ಹಾಗೆ ಇರಬೇಕು!"

"ಅಪ್ಪ!" ಎಂದಳು ವಿಲ್ಮಾ.

ರೋಮಾಸ್ ಕೆಂಪಗಾದ. ದನಿ ಮಾತ್ರ ಏರಿಸಲಿಲ್ಲ. "ಇಪ್ಪತ್ತು ವರ್ಷ ಮಾವ. ನಿಮ್ಮ ಮನೆ ಮಾಡಿಗೆ ಹೆಂಚು ಹಾಕಿದ್ದು ನಾನು. ನಿಮ್ಮ ಸೊಂಟ ಹೋದಾಗ ಎತ್ತಿ ಕಕ್ಕಸಿಗೆ ಕರ್ಕೊಂಡು ಹೋಗಿದ್ದು ನಾನು. ಇದೊಂದು ಮಾತು ಇಷ್ಟು ವರ್ಷ ಬಾಯಲ್ಲಿ ಇಟ್ಕೊಂಡಿದ್ರಾ?"

ಅವನು ಮೊದಲು ಹೋಗಿ ಸಂಜೆಯವರೆಗೆ ಜೋಸೆಯ ನೆಲಮಾಳಿಗೆಯ ನೀರು ಹೊರಹಾಕಿ, ಜಾಡಿಗಳನ್ನು ಒಂದೊಂದಾಗಿ ಒರೆಸಿ ಮೇಲೆ ತಂದಿಟ್ಟ. ಆಮೇಲೆ ಅಲ್ಲಿಂದಲೇ ಪಕ್ಕದ ಊರಿನ ತನ್ನ ಅಕ್ಕನ ಮನೆಗೆ ಹೋದ.

ಆದರೆ ಹಸುಗಳು ಇಲ್ಲಿದ್ದವು. ದಿನಾ ಬೆಳಿಗ್ಗೆ ಐದಕ್ಕೆ, ಸಂಜೆ ಆರಕ್ಕೆ ಅವನು ಸೈಕಲ್ ಮೇಲೆ ಬಂದು, ಮನೆಯ ಕಡೆ ತಿರುಗಿ ನೋಡದೆ ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಹಾಲಿನ ಗಾಡಿಗೆ ಹಾಕಿ ಹೋಗುತ್ತಿದ್ದ. ವಿಲ್ಮಾ ಕೊಟ್ಟಿಗೆಯ ಬಾಗಿಲಲ್ಲಿ ಬುತ್ತಿ ಇಡುತ್ತಿದ್ದಳು. ಅವನು ಉಂಡು ಡಬ್ಬಿ ತೊಳೆದಿಟ್ಟು ಹೋಗುತ್ತಿದ್ದ.

"ನಾನು ಗಂಡನ ಪಕ್ಷವೋ ಅಪ್ಪನ ಪಕ್ಷವೋ ನನಗೇ ಗೊತ್ತಾಗ್ತಿಲ್ಲ," ಎಂದು ವಿಲ್ಮಾ ಮಗಳ ಹತ್ತಿರ ಹೇಳಿಕೊಂಡಳು. "ಇಬ್ಬರಿಗೂ ಅಡುಗೆ ಮಾಡ್ತೀನಿ. ಇಬ್ಬರಿಗೂ ಉಪ್ಪು ಜಾಸ್ತಿ ಆಗ್ತಿದೆ."

"ನೀನು ಬೀವರ್ ಪಕ್ಷ ಆಗಿಬಿಡಮ್ಮ," ಎಂದಳು ಮಿಗ್ಲೆ. ಅವಳಿಗೂ ನಗು ಬರಲಿಲ್ಲ.

ಬಾವಿಯ ನೀರು ದಿನಕ್ಕೆ ಒಂದು ಗೇಣು ಇಳಿಯತೊಡಗಿತು. ಅತ್ತ ಬೀವರ್‌ಗಳು ಮತ್ತೆ ಕಟ್ಟತೊಡಗಿದವು.

ಜೂನ್ ಎರಡನೆಯ ವಾರ, ಸಂಜೆ ಹಾಲು ಕರೆಯುವ ಹೊತ್ತಿಗೆ ಅಲ್ದೋನಾ ತಾನೇ ಬುತ್ತಿ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಮಜ್ಜಿಗೆಯಲ್ಲಿ ಮಾಡಿದ ತಣ್ಣನೆಯ ಬೀಟ್‌ರೂಟ್ ಸೂಪು, ಜೊತೆಗೆ ಬಿಸಿ ಆಲೂಗಡ್ಡೆ. ಕೊಟ್ಟು ಹೋಗುವಳೆಂದು ರೋಮಾಸ್ ಅಂದುಕೊಂಡ. ಅವಳು ಇನ್ನೊಂದು ಮಣೆ ಎಳೆದುಕೊಂಡು ಕೂತಳು.

"ಉಣ್ಣು. ಆಲೂಗಡ್ಡೆ ಆರುತ್ತೆ."

ಅವನು ಉಣ್ಣತೊಡಗಿದ.

"ನಿಂಗೆ ಎಷ್ಟು ಹುಲ್ಲು ಬೇಕು?"

"ಎಷ್ಟು ಅಂದ್ರೆ?"

"ಒಂಬತ್ತು ಹಸುಗೆ, ಚಳಿಗಾಲಕ್ಕೆ. ಮೇಲಿನ ಹುಲ್ಲುಗಾವಲಿದೆಯಲ್ಲ, ಅದು ಬಿಟ್ಟು ಕೆಳಗೆ ಎಲ್ಲಿವರೆಗೆ ಬೇಕು?"

ರೋಮಾಸ್ ಚಮಚ ಹಿಡಿದುಕೊಂಡು ಲೆಕ್ಕ ಹಾಕಿದ. ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಎಲ್ಲವೂ ಬೇಕು ಎಂದೇ ಅವನು ಇಷ್ಟು ದಿನ ಅಂದುಕೊಂಡಿದ್ದ.

"ಮೂರನೇ ವಿಲ್ಲೋದಿಂದ ಮೇಲೆ ಒಣಗಿದ್ರೆ ಸಾಕು," ಎಂದ ಕೊನೆಗೆ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಕೆಳಗಿಂದು ಹೇಗಿದ್ರೂ ಒರಟು ಹುಲ್ಲು. ಹಸು ಮೂಸಿ ಬಿಡುತ್ತೆ. ಒಂದು ಹಸು ಮಾರಬೇಕಾಗಬಹುದು. ಆ ಮುದುಕೀನ ಹೇಗಿದ್ರೂ ಮಾರಬೇಕು."

"ಮುದುಕಿ ಅಂದ್ರೆ ನಾನಲ್ಲ ತಾನೆ?"

ಅವನು ಹಬ್ಬದ ನಂತರ ಮೊದಲ ಸಲ ನಕ್ಕ.

"ಹಾಗಾದ್ರೆ ಮೂರನೇ ವಿಲ್ಲೋವರೆಗೆ ನೀರು," ಎಂದಳು ಅಲ್ದೋನಾ. "ಅಷ್ಟಿದ್ರೆ ಬಾವಿ ಬೇಸಿಗೆ ದಾಟುತ್ತೆ. ಹಗ್ಗ ಹಾಕಿ ನೋಡಿದ್ದೀನಿ. ಮಾತು ಕೊಟ್ಟ ಹಾಗೆ."

"ಮಾತು ಕೊಟ್ಟ ಹಾಗೆ. ಅದಕ್ಕೆ ಮೂರು ವಾರ ಯಾಕೆ ಬೇಕಾಯ್ತು ಅತ್ತೆ?"

ಅವಳು ತನ್ನ ಏಪ್ರನ್ನಿನ ಅಂಚನ್ನು ಮಡಿಸಿದಳು, ಬಿಡಿಸಿದಳು.

"ಆ ಮೂರನೇ ವಿಲ್ಲೋ ಹತ್ರ ನಮ್ಮ ಮನೆಯಿತ್ತು. ನಾನು ಹುಟ್ಟಿದ್ದು. ನೆಲ ಒಣಗಿಸುವಾಗ ಕಾಲುವೆಗೆ ಅಡ್ಡ ಬರುತ್ತೆ ಅಂತ ಕೆಡವಿದರು. ನಮಗೆ ಆಚೆ ಕಾಲೊನಿಯಲ್ಲಿ ಇಟ್ಟಿಗೆ ಮನೆ ಕೊಟ್ಟರು. ನಮ್ಮಪ್ಪ ಅಲ್ಲಿ ಬೆಳಿಗ್ಗೆ ಎದ್ದು ಹಳೇ ಬಾಗಿಲು ಇದ್ದ ಕಡೆಗೇ ನಡೆದು ಗೋಡೆಗೆ ಹಣೆ ಬಡಿದುಕೊಳ್ತಿದ್ದ. ಸಾಯೋವರೆಗೂ."

ರೋಮಾಸ್ ತಟ್ಟೆ ಕೆಳಗಿಟ್ಟ. "ನಂಗೆ ಯಾರೂ ಹೇಳಲಿಲ್ಲ. ಕೆಡವಿದ್ದು ಯಾರು?"

"ಇನ್ಯಾರು? ಈ ಭಾಗದಲ್ಲಿ ಯಂತ್ರ ಓಡಿಸ್ತಿದ್ದವನು ಒಬ್ಬನೇ."

"ಮಾವನಾ? ಮತ್ತೆ ಅವರನ್ನೇ ನೀವು..."

"ಅವನು ಎರಡು ವಾರ ಯಂತ್ರ ನಿಲ್ಲಿಸಿಕೊಂಡು ಕಾದ. ಯಂತ್ರ ಕೆಟ್ಟಿದೆ ಅಂತ ಮೇಲಿನವರಿಗೆ ಸುಳ್ಳು ಹೇಳಿ. ನಮ್ಮಮ್ಮ ಕರ್ರಂಟ್ ಹಣ್ಣು ಕೊಯ್ದು ಮುಗಿಸಲಿ ಅಂತ. ಬೇರೆಯವರಾಗಿದ್ರೆ ಕಾಯ್ತಿರಲಿಲ್ಲ. ಅದಕ್ಕೇ ಮದುವೆಯಾದೆ. ಸರಿಯೋ ತಪ್ಪೋ, ಐವತ್ತು ವರ್ಷ ಆಯ್ತು, ಇನ್ನೂ ಗೊತ್ತಾಗಿಲ್ಲ. ಈಗ ಏಳು. ಒಳಗೆ ಬಂದು ಉಣ್ಣು ನಾಳೆಯಿಂದ. ಡಬ್ಬಿ ಹೊತ್ತು ನನ್ನ ಮಗಳಿಗೆ ಸಾಕಾಗಿದೆ."

"ಮಾವ ಕರೆಯಲಿ."

"ಅವನು ಕರೆಯಲ್ಲ. ಅವನಿಗೆ ಹಾಗೆಲ್ಲ ಬರಲ್ಲ. ನೀನು ಬಂದ್ರೆ ಕುರ್ಚಿ ಎಳೆದುಕೊಡ್ತಾನೆ. ಅಷ್ಟೇ ಅವನ ಕ್ಷಮಾಪಣೆ."

ಮರುದಿನ ಸಂಜೆ ರೋಮಾಸ್ ಒಳಗೆ ಬಂದ. ಜಿಗ್ಮಾಸ್ ಪತ್ರಿಕೆಯಿಂದ ಕಣ್ಣೆತ್ತದೆ ಕಾಲಿನಿಂದಲೇ ಒಂದು ಕುರ್ಚಿಯನ್ನು ಮುಂದಕ್ಕೆ ತಳ್ಳಿದ. ಅಲ್ದೋನಾ ಯುರ್ಗಿತಾಳ ಕಾಗದಕ್ಕೆ ಊಟದ ಮೇಜಿನ ಮೇಲೆಯೇ ಸಹಿ ಹಾಕಿದಳು.

ಜೂನ್ ಕೊನೆಯಲ್ಲಿ ಪೈಪು ಬಂತು. ಯುರ್ಗಿತಾ ಇಬ್ಬರು ಕೆಲಸಗಾರರ ಜೊತೆ ಬಂದಳು. ಬೀವರ್‌ಗಳು ಒಡ್ಡನ್ನು ಮತ್ತೆ ಕಟ್ಟಿ ಮುಗಿಸಿದ್ದವು, ನೀರು ಎರಡನೇ ವಿಲ್ಲೋವನ್ನು ಮುಟ್ಟಿತ್ತು. ಮನೆಯವರೆಲ್ಲ ಕೆಳಗಿಳಿದರು.

"ಮೂರನೇ ಮರದವರೆಗೆ ಅಂದ್ರೆ ಸುಮಾರು ಇಷ್ಟು," ಎಂದು ಯುರ್ಗಿತಾ ಕೈ ಎತ್ತಿ ತೋರಿಸಿದಳು.

"ಸುಮಾರು?" ಎಂದ ಜಿಗ್ಮಾಸ್. "ನೀರಿನ ಕೆಲಸದಲ್ಲಿ ಸುಮಾರು ಅನ್ನೋದಿಲ್ಲ ತಾಯಿ. ಒಂದು ಗೇಣು ತಪ್ಪಿದ್ರೆ ಅರ್ಧ ಹುಲ್ಲುಗಾವಲು."

ಅವನು ಮನೆಗೆ ಹೋಗಿ ಅಟ್ಟದಿಂದ ಮಟ್ಟ ನೋಡುವ ಹಳೆಯ ದುರ್ಬೀನು ತಂದ. ಮೂರು ಕಾಲಿನ ಮೇಲೆ ನಿಲ್ಲಿಸಿದ, ಗಾಜು ಒರೆಸಿದ. ಗೆರೆ ಎಳೆದ ಕೋಲನ್ನು ಮಿಗ್ಲೆಯ ಕೈಗೆ ಕೊಟ್ಟ.

"ಅಳತೆಗೆ ಒಂದು ಗಟ್ಟಿ ಜಾಗ ಬೇಕಲ್ಲ," ಎಂದಳು ಯುರ್ಗಿತಾ. "ಕದಲದಂಥದ್ದು. ಇಲ್ಲೆಲ್ಲ ಬರೀ ಕೆಸರು."

"ಇದೆ," ಎಂದ ಜಿಗ್ಮಾಸ್. ಹೇಳಿ, ಅಲ್ಲೇ ನಿಂತುಬಿಟ್ಟ. ಹೆಂಡತಿಯ ಕಡೆ ನೋಡಿದ, ನೆಲ ನೋಡಿದ. ಹೇಳಬಾರದ್ದು ಬಾಯಿಂದ ಬಿದ್ದವನ ಹಾಗಿತ್ತು ಅವನ ಮುಖ.

"ಎಲ್ಲಿದೆ ಮಾವ?" ಎಂದ ರೋಮಾಸ್.

ಜಿಗ್ಮಾಸ್ ಮೂರನೇ ವಿಲ್ಲೋ ಹತ್ತಿರ ಹೋದ. ಮರಕ್ಕೆ ಬೆನ್ನು ಕೊಟ್ಟು ಕಾಲುವೆಯ ಕಡೆಗೆ ಒಂಬತ್ತು ಹೆಜ್ಜೆ ಹಾಕಿದ. ಗುದ್ದಲಿ ಇಳಿಸಿದ. ಎರಡು ಸಲ ಮೆತ್ತಗೆ ಹೋಯಿತು, ಮೂರನೆಯ ಸಲ ಠಣ್ ಎಂದಿತು. ರೋಮಾಸ್ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡು ಮಣ್ಣು ಸರಿಸಿದ. ಮೊಣಕಾಲುದ್ದ ಆಳದಲ್ಲಿ ಚಪ್ಪಟೆ ಬೂದುಬಣ್ಣದ ಕಲ್ಲೊಂದು ಕಂಡಿತು. ಒಂದಾಳು ಉದ್ದ, ನಡುವೆ ಸವೆದು ತಗ್ಗಾಗಿತ್ತು.

ಅಲ್ದೋನಾ ಮುಂದೆ ಬಂದಳು. ಯಾರೂ ಹೇಳಬೇಕಾಗಿರಲಿಲ್ಲ. ಆ ತಗ್ಗನ್ನು ಅವಳ ಅಜ್ಜ, ಅಪ್ಪ, ಅಮ್ಮ, ಅವಳು ತುಳಿದು ತುಳಿದು ಸವೆಸಿದ್ದರು.

"ಇದನ್ನೂ ಎತ್ತಿ ಬಿಸಾಕಿದ್ವಿ ಅಂದಿದ್ದೆಯಲ್ಲ," ಎಂದಳು.

"ಬೇರೆ ಕಲ್ಲೆಲ್ಲ ಎತ್ತಿ ಕಾಡಂಚಿಗೆ ಹಾಕಿದ್ವಿ. ಇದು ನನ್ನ ಸೊನ್ನೆ ಆಗಿತ್ತು. ಎಲ್ಲ ಕಾಲುವೆಗಳ ಆಳ ನಿಮ್ಮನೆ ಹೊಸ್ತಿಲಿನಿಂದಲೇ ಅಳೆದದ್ದು. ಕೆಲಸ ಮುಗಿದ ಮೇಲೆ ತೆಗೆದುಹಾಕು ಅಂದ್ರು. ನಾನು ಮಣ್ಣು ಮುಚ್ಚಿ, ತೆಗೆದೆ ಅಂದೆ."

"ಐವತ್ತು ವರ್ಷ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಇದರ ಮೇಲೇ ಹುಲ್ಲು ಕೊಯ್ದೆ."

"ಕೊಯ್ದೆ."

"ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಹೇಗೆ ಹೇಳೋದು ಅಲ್ದೋನಾ? ಮೊದಲನೇ ವರ್ಷ ಹೇಳಿದ್ರೆ ನೀನು ಅಳ್ತಿದ್ದೆ. ಹತ್ತು ವರ್ಷ ಬಿಟ್ಟು ಹೇಳಿದ್ರೆ, ಮೊದಲೇ ಯಾಕೆ ಹೇಳಲಿಲ್ಲ ಅಂತಿದ್ದೆ. ಆಮೇಲಾಮೇಲೆ ಇನ್ನೂ ಕಷ್ಟ ಆಯ್ತು."

ಅಲ್ದೋನಾ ಬೂಟು ಬಿಚ್ಚಿದಳು. ಹಳ್ಳಕ್ಕಿಳಿದು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಳು. ಅಳುತ್ತಾಳೇನೋ ಎಂದು ವಿಲ್ಮಾ ಹತ್ತಿರ ಹೋದಳು. ಅವಳು ಅಳಲಿಲ್ಲ. ನಗಲೂ ಇಲ್ಲ. ಬಲಕ್ಕೆ ತಿರುಗಿ, "ಇಲ್ಲಿ ಒಲೆ," ಎಂದಳು. ಎಡಕ್ಕೆ ತಿರುಗಿ, "ಇಲ್ಲಿ... ಇಲ್ಲಿ ಏನಿತ್ತು?" ಎಂದು ನಿಂತಳು. ನೆನಪಾಗಲಿಲ್ಲ. ಕೆಲಸಗಾರರಿಬ್ಬರೂ ಪೈಪು ಹೆಗಲ ಮೇಲಿಟ್ಟುಕೊಂಡು ಕಾಲು ಬದಲಿಸುತ್ತಿದ್ದರು.

"ಅಜ್ಜಿ," ಎಂದಳು ಯುರ್ಗಿತಾ ಮೆಲ್ಲಗೆ, "ನೀರು ಮೂರನೇ ಮರಕ್ಕೆ ಬಂದ್ರೆ ಈ ಕಲ್ಲು ಮುಳುಗುತ್ತೆ."

"ಎರಡು ಗೇಣು ಕೆಳಗಿಡಿ ಪೈಪನ್ನ," ಎಂದ ಜಿಗ್ಮಾಸ್ ಥಟ್ಟನೆ.

"ಇಡಿ," ಎಂದ ರೋಮಾಸ್ ಕೂಡ. "ಬಾವಿಗೆ ಕಡಿಮೆಯಾದ್ರೆ ನಾನು ಟ್ರಾಕ್ಟರಲ್ಲಿ ನೀರು ತರ್ತೀನಿ ಅತ್ತೆ. ಮುಳುಗಿಸೋದು ಬೇಡ."

ಅಲ್ದೋನಾ ಇಬ್ಬರನ್ನೂ ನೋಡಿದಳು. ಈಗ ಇವರಿಬ್ಬರೂ ಮತ್ತೆ ಒಂದಾಗಿದ್ದರು.

"ಎಷ್ಟು ದಿನ ತರ್ತೀಯ? ಈ ಬೇಸಿಗೆ ತರ್ತೀಯ, ಮುಂದಿನ ಬೇಸಿಗೆ ತರ್ತೀಯ. ಆಮೇಲೆ ಮತ್ತೆ ನನ್ನ ಮಗಳು ಕ್ಯಾನು ಹೊರಬೇಕು. ಇದರಲ್ಲಿ ಯಾರೂ ವಾಸ ಮಾಡ್ತಿಲ್ಲ. ಮಾತು ಆಗಿದೆ, ಮೂರನೇ ಮರ. ಅಲ್ಲಿಗೇ ಇಡಿ."

"ಅಮ್ಮ, ನಿಜವಾಗ್ಲೂ?" ಎಂದಳು ವಿಲ್ಮಾ.

"ನಂಗೆ ಗೊತ್ತಿಲ್ಲ ಕಣೆ. ಇಷ್ಟು ಹೊತ್ತು ನಿಂತ್ರೆ ಮನಸ್ಸು ಬದಲಾದೀತು. ಬೇಗ ಇಡಿ."

ನಡುಬೇಸಿಗೆಯ ಹಬ್ಬದ ಮರುವಾರ ಅದು, ಹೊತ್ತು ಮುಳುಗುವುದು ತುಂಬ ತಡವಾಗಿ. ಸಂಜೆ ಒಂಬತ್ತಕ್ಕೂ ಬೆಳಕಿತ್ತು. ಜಿಗ್ಮಾಸ್ ದುರ್ಬೀನಿನಲ್ಲಿ ಕಣ್ಣಿಟ್ಟು, ಮಿಗ್ಲೆ ಕಲ್ಲಿನ ಮೇಲೆ ಕೋಲು ನಿಲ್ಲಿಸಿ, ರೋಮಾಸ್ ನೀರಿನಲ್ಲಿ ಎದೆಮಟ್ಟ ಇಳಿದು ಪೈಪು ಹಿಡಿದು, "ಮೇಲೆ", "ಇನ್ನೂ ಮೇಲೆ", "ಸಾಕು ಸಾಕು, ಅಲ್ಲೇ ಹಿಡಿ ಮಗನೇ" ಎನ್ನುತ್ತ ಕೆಲಸ ಮುಗಿಸಿದರು. ಮಗನೇ ಎಂದದ್ದನ್ನು ರೋಮಾಸ್ ಕೇಳಿಸಿಕೊಂಡ. ಯಾರಿಗೂ ಹೇಳಲಿಲ್ಲ, ವಿಲ್ಮಾಳಿಗೆ ಮಾತ್ರ ಹೇಳಿದ.

ಎಂಟು ದಿನದಲ್ಲಿ ನೀರು ಮೂರನೇ ವಿಲ್ಲೋ ಬುಡಕ್ಕೆ ಬಂದು ನಿಂತಿತು. ಕಲ್ಲು ಮೊಣಕಾಲುದ್ದ ನೀರಿನಡಿ ಹೋಯಿತು. ಬೀವರ್‌ಗಳು ಪೈಪಿನ ಬಾಯಿಗೆ ಕೊಂಬೆ ತುರುಕಲು ನೋಡಿದವು, ಸುತ್ತಲಿನ ತಂತಿಬಲೆ ಬಿಡಲಿಲ್ಲ. ಹುಲ್ಲು ಆ ವರ್ಷ ನಾಲ್ಕು ಗಾಡಿ ಕಡಿಮೆಯಾಯಿತು, ಮುದುಕಿ ಹಸುವನ್ನು ಮಾರಿದರು. ಬಾವಿ ಆಗಸ್ಟ್ ದಾಟಿತು. ಜೋಸೆ ಬಂದು ಎರಡು ಬಕೆಟ್ ನೀರು ಒಯ್ದಳು, ಮಾತು ಬಿಟ್ಟಿದ್ದೇನೆಂದು ಸಾರುತ್ತಲೇ ಒಯ್ದಳು.

ಅಲ್ದೋನಾ ಮಾತ್ರ ಕಲ್ಲು ಕಂಡ ದಿನದಿಂದ ಗಂಡನ ಜೊತೆ ಮಾತಾಡಲಿಲ್ಲ. ಅಡುಗೆ ಮಾಡಿ ಬಡಿಸುವಳು, ಅವನ ಸೊಂಟಕ್ಕೆ ಎಣ್ಣೆ ತಿಕ್ಕುವಳು, ಮಾತಿಲ್ಲ. ವಿಲ್ಮಾ ಎರಡು ಸಲ ಕೇಳಿ ಬಿಟ್ಟಳು. ಜಿಗ್ಮಾಸ್ ಬೆಳಿಗ್ಗೆ ಎದ್ದು ಹೋಗಿ ಪೈಪಿನ ಬಲೆಗೆ ಸಿಕ್ಕ ಕಸ ತೆಗೆದು, ಕೆಸರಾಗಿ ಬಂದು, ಸದ್ದಿಲ್ಲದೆ ಉಣ್ಣುವನು.

ಸೆಪ್ಟೆಂಬರ್ ಮೊದಲ ವಾರ ಅವನು ಎಂದಿನಂತೆ ಹೊರಟಾಗ ಅವಳೂ ತಲೆಗೆ ವಸ್ತ್ರ ಕಟ್ಟಿಕೊಂಡು ಹಿಂದೆ ಹೊರಟಳು. ಮೂರನೇ ವಿಲ್ಲೋ ಹತ್ತಿರ ನಿಂತರು. ನೀರು ತಿಳಿಯಾಗಿತ್ತು. ಕಲ್ಲಿನ ಮೇಲೆ ಚಿಕ್ಕ ಚಿಕ್ಕ ಮೀನುಗಳು ಓಡಾಡುತ್ತಿದ್ದವು, ತಗ್ಗಿನಲ್ಲಿ ಒಂದು ಗುಂಪು ಸುಮ್ಮನೆ ನಿಂತಿತ್ತು.

ಜಿಗ್ಮಾಸ್ ಕೇಳಿದ. "ಕೋಪ ಹೋಗಿಲ್ವಾ?"

"ಅದು ಕೋಪವೋ ಇನ್ನೇನೋ, ನಂಗೇ ತಿಳೀತಿಲ್ಲ. ತಿಳಿದ ದಿನ ಹೇಳ್ತೀನಿ."

"ಎಷ್ಟು ದಿನ ಬೇಕು?"

"ನೀನು ಐವತ್ತು ವರ್ಷ ತಗೊಂಡೆ," ಎಂದಳು ಅಲ್ದೋನಾ. ಆಮೇಲೆ ಅವನ ತೋಳಿಗೆ ಕೈ ಹಾಕಿ, ಜಾರುವ ದಡದಿಂದ ಎರಡು ಹೆಜ್ಜೆ ಹಿಂದಕ್ಕೆ ಎಳೆದಳು. "ಆ ಮನೆಯ ಒಳಗು ನೆನಪಿದೆಯಾ ನಿಂಗೆ? ಒಲೆ ಈ ಕಡೆ. ಎಡಗಡೆ ಏನಿತ್ತು?"

ಜಿಗ್ಮಾಸ್ ನೀರನ್ನು ನೋಡುತ್ತ ಯೋಚಿಸಿದ.

"ನಿನ್ನ ಮಂಚ," ಎಂದ. "ಕಿಟಕಿ ಕೆಳಗೆ. ಕೆಡವೋ ದಿನ ನಾನೇ ಹೊರಗೆ ಎತ್ತಿಟ್ಟಿದ್ದು."